ತಾನಾಗಿ ರೀಸ್ಟಾರ್ಟ್ ಆಗುವ ಡೆಸ್ಕ್‌ಟಾಪ್ ಕಂಪ್ಯೂಟರ್: ಕಾರಣಗಳು ಮತ್ತು ದೋಷಪತ್ತೆ

ಬಳಸುವವರು ಹೇಳದೆಯೇ ಕಂಪ್ಯೂಟರ್ ಆರಿಹೋಗುವುದು, ಆರಿ ಮತ್ತೆ ಮೊದಲಿನಿಂದ ಶುರುವಾಗುವುದು, ನೀಲಿ ಪರದೆ ತೋರಿಸಿ ನಿಲ್ಲುವುದು, ಇಲ್ಲವೇ ಮೌಸ್ ಕೂಡ ಅಲುಗದಂತೆ ಹ್ಯಾಂಗ್ ಆಗುವುದು, ಇವೆಲ್ಲವನ್ನೂ ಸಾಮಾನ್ಯವಾಗಿ ‘ಕ್ರ್ಯಾಶ್’ ಎಂಬ ಒಂದೇ ಮಾತಿನಲ್ಲಿ ಹೇಳುತ್ತಾರೆ. ಇದರ ಮೂಲ ಗೋಡೆಯ ಪ್ಲಗ್ಗಿನಿಂದ ಹಿಡಿದು ನಿನ್ನೆ ಬಂದ ಅಪ್‌ಡೇಟ್‌ವರೆಗೆ ಎಲ್ಲಿ ಬೇಕಾದರೂ ಇರಬಹುದು. ಹೊರಗೆ ಕಾಣುವ ಲಕ್ಷಣ ಬಹುಪಾಲು ಒಂದೇ ಆಗಿರುವುದರಿಂದ ರಿಪೇರಿ ಅಂಗಡಿಗಳಲ್ಲಿ ಮೊದಲ ಮದ್ದಾಗಿ ‘ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕುವ’ ರೂಢಿ ಬೆಳೆದಿದೆ. ಈ ರೂಢಿಯಿಂದ ಆಗಿರುವ ಹಾನಿ ಸಣ್ಣದಲ್ಲ. ವಿದ್ಯುತ್ ಪೂರೈಸುವ ಘಟಕವಾದ ಎಸ್‌ಎಂಪಿಎಸ್ ಸೊರಗಿರುವ ಯಂತ್ರಕ್ಕೆ ಹೊಸ ವಿಂಡೋಸ್ ಹಾಕಿದರೆ ಅದು ನಾಲ್ಕು ದಿನದಲ್ಲಿ ಮತ್ತೆ ಆರುತ್ತದೆ. ಅಷ್ಟರಲ್ಲಿ ಮನೆಯ ಫೋಟೊಗಳು, ಅಂಗಡಿಯ ಲೆಕ್ಕ, ವಿದ್ಯಾರ್ಥಿಯ ಪ್ರಬಂಧ ಅಳಿಸಿಹೋಗಿರುತ್ತವೆ. ಆದ್ದರಿಂದ ಕೈಹಾಕುವ ಮೊದಲು ಕಡತಗಳನ್ನು ಬೇರೆ ಡಿಸ್ಕಿಗೆ ನಕಲಿಸಿಕೊಳ್ಳಬೇಕು. ಎರಡನೆಯದಾಗಿ, ಯಂತ್ರ ಹೇಗೆ, ಯಾವಾಗ, ಏನು ಮಾಡುತ್ತಿದ್ದಾಗ ಆರಿತು ಎಂಬುದನ್ನು ಬರೆದಿಡಬೇಕು. ಅರ್ಧ ಪತ್ತೆ ಆ ಬರಹದಲ್ಲೇ ಆಗುತ್ತದೆ.

ಆರುವ ಬಗೆ ಮತ್ತು ಅದರ ಸೂಚನೆ

ಯಾವ ಸಂದೇಶವೂ ಇಲ್ಲದೆ ಫಕ್ಕನೆ ಪರದೆ ಕಪ್ಪಾಗಿ, ತಯಾರಕರ ಲಾಂಛನ ಮೂಡಿ ಯಂತ್ರ ಮತ್ತೆ ಶುರುವಾದರೆ ಮೊದಲ ಅನುಮಾನ ವಿದ್ಯುತ್ತಿನ ಮೇಲೆ ಹೋಗಬೇಕು. ಆರಿ, ಆರಿದಂತೆಯೇ ಉಳಿದರೆ, ಕೆಲ ನಿಮಿಷ ಬಿಟ್ಟು ಒತ್ತಿದಾಗ ಮಾತ್ರ ಏಳುವಂತಿದ್ದರೆ, ಶಾಖ ಅಥವಾ ಎಸ್‌ಎಂಪಿಎಸ್‌ನ ರಕ್ಷಣಾ ಮಂಡಲ ಕೆಲಸ ಮಾಡಿರುವ ಸಾಧ್ಯತೆ ಹೆಚ್ಚು. ನೀಲಿ ಪರದೆ ಬಂದರೆ ಆಪರೇಟಿಂಗ್ ಸಿಸ್ಟಂ ಸಾಯುವ ಮುನ್ನ ಏನನ್ನೋ ಗಮನಿಸಿ ದಾಖಲಿಸಿದೆ ಎಂದರ್ಥ. ಕಾರಣ ಡ್ರೈವರ್ ಇರಬಹುದು, ಮೆಮೊರಿ ಇರಬಹುದು, ಡಿಸ್ಕ್ ಇರಬಹುದು. ಆಟ ಆಡುವಾಗ, ವಿಡಿಯೊ ರೆಂಡರ್ ಮಾಡುವಾಗ ಮಾತ್ರ ಆರುವ ಯಂತ್ರದ ಕತೆಯೇ ಬೇರೆ, ಏನೂ ಮಾಡದೆ ಸುಮ್ಮನಿದ್ದಾಗ ಆರುವುದರ ಕತೆಯೇ ಬೇರೆ.

ಇಲ್ಲಿ ಒಂದು ಮರೆ ಇದೆ. ವಿಂಡೋಸ್ ಎಕ್ಸ್‌ಪಿ (2001) ಕಾಲದಿಂದ, ಗಂಭೀರ ದೋಷ ಬಂದ ಕೂಡಲೇ ಯಂತ್ರ ತಾನಾಗಿ ರೀಸ್ಟಾರ್ಟ್ ಆಗುವಂತೆ ಮೊದಲೇ ಹೊಂದಿಸಿರುತ್ತಾರೆ. ಹಾಗಾಗಿ ನೀಲಿ ಪರದೆ ಕ್ಷಣಮಾತ್ರ ಮಿಂಚಿ ಮಾಯವಾಗುತ್ತದೆ, ನೋಡುವವರಿಗೆ ಅದು ಕರೆಂಟ್ ಹೋದಂತೆಯೇ ಕಾಣುತ್ತದೆ. ಸಿಸ್ಟಂ ಪ್ರಾಪರ್ಟೀಸ್‌ನ ‘ಅಡ್ವಾನ್ಸ್ಡ್’ ಪುಟದಲ್ಲಿ ‘ಸ್ಟಾರ್ಟಪ್ ಅಂಡ್ ರಿಕವರಿ’ ತೆರೆದು ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಎದುರಿನ ಗುರುತನ್ನು ತೆಗೆದರೆ ಪರದೆ ನಿಲ್ಲುತ್ತದೆ, ಓದಬಹುದು, ಫೋನಿನಲ್ಲಿ ಫೋಟೊ ತೆಗೆದುಕೊಳ್ಳಬಹುದು. ಖರ್ಚಿಲ್ಲದ ಈ ಕೆಲಸವನ್ನು ಎಲ್ಲಕ್ಕಿಂತ ಮೊದಲು ಮಾಡಬೇಕು. ವಿಂಡೋಸ್ 11ರ ಇತ್ತೀಚಿನ ಆವೃತ್ತಿಗಳಲ್ಲಿ 2025ರಿಂದ ಈ ಪರದೆ ಕಪ್ಪು ಬಣ್ಣಕ್ಕೆ ತಿರುಗಿದೆ; ಅದರಲ್ಲಿನ ಮಾಹಿತಿಯ ಉಪಯೋಗ ಮೊದಲಿನಂತೆಯೇ.

ಯಂತ್ರ ಬರೆದಿಟ್ಟ ದಾಖಲೆ

ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ಇಂಥ ಪ್ರತಿ ಘಟನೆಯ ನಂತರವೂ ‘ಕರ್ನೆಲ್-ಪವರ್ 41’ ಎಂಬ ನಮೂದು ಸಿಗುತ್ತದೆ. ಹೆಸರಿನಲ್ಲಿ ‘ಪವರ್’ ಇರುವುದರಿಂದ ಇದನ್ನು ಎಸ್‌ಎಂಪಿಎಸ್ ಕೆಟ್ಟಿರುವ ಪುರಾವೆ ಎಂದು ತಿಳಿದು ಹೊಸದನ್ನು ಕೊಂಡವರು ಅನೇಕರು. ಆ ನಮೂದು ಹೇಳುವುದು ಇಷ್ಟೇ: ಕಳೆದ ಸಲ ಯಂತ್ರ ಕ್ರಮಬದ್ಧವಾಗಿ ಮುಚ್ಚಲಿಲ್ಲ. ಅದರ ವಿವರದೊಳಗೆ ‘ಬಗ್‌ಚೆಕ್ ಕೋಡ್’ ಎಂಬ ಸಾಲಿದೆ. ಅಲ್ಲಿ ಸೊನ್ನೆ ಇದ್ದರೆ ವಿಂಡೋಸ್‌ಗೆ ಏನನ್ನೂ ಬರೆಯಲು ಸಮಯ ಸಿಕ್ಕಿಲ್ಲ, ಅಂದರೆ ವಿದ್ಯುತ್ ಕಡಿತ, ರೀಸೆಟ್ ಅಥವಾ ಪೂರ್ಣ ಹ್ಯಾಂಗ್. ಬೇರೆ ಸಂಖ್ಯೆ ಇದ್ದರೆ ನೀಲಿ ಪರದೆ ಬಂದಿತ್ತು. ಆ ದಶಮಾನ ಸಂಖ್ಯೆಯನ್ನು ಹೆಕ್ಸಾಡೆಸಿಮಲ್‌ಗೆ ತಿರುಗಿಸಿದರೆ ದೋಷದ ಹೆಸರು ತಿಳಿಯುತ್ತದೆ. 159 ಎಂದರೆ 9ಎಫ್, ಅಂದರೆ ಯಾವುದೋ ಡ್ರೈವರ್ ನಿದ್ರಾಸ್ಥಿತಿಗೆ ಹೋಗುವಾಗಲೋ ಅದರಿಂದ ಏಳುವಾಗಲೋ ಎಡವಿದೆ. ಪವರ್ ಬಟನ್ನಿನ ಸಮಯದ ಸಾಲಿನಲ್ಲಿ ಸೊನ್ನೆ ಅಲ್ಲದ ಅಂಕಿ ಇದ್ದರೆ ಯಾರೋ ಬಟನ್ನನ್ನು ಒತ್ತಿ ಹಿಡಿದಿದ್ದರು.

1074 ಸಂಖ್ಯೆಯ ನಮೂದು ಇನ್ನೂ ಸಮಾಧಾನಕರ. ಯಾವುದೋ ಪ್ರೋಗ್ರಾಂ ಅಥವಾ ವಿಂಡೋಸ್ ಅಪ್‌ಡೇಟ್ ಉದ್ದೇಶಪೂರ್ವಕವಾಗಿ ರೀಸ್ಟಾರ್ಟ್ ಮಾಡಿಸಿತು ಎಂಬುದನ್ನು ಅದು ಹೆಸರು ಸಹಿತ ತಿಳಿಸುತ್ತದೆ. ರಾತ್ರಿ ಬಿಟ್ಟುಹೋದ ಕಂಪ್ಯೂಟರ್ ಬೆಳಿಗ್ಗೆ ಹೊಸದಾಗಿ ಎದ್ದು ಕೂತಿದೆ ಎಂಬ ದೂರುಗಳಲ್ಲಿ ಎಷ್ಟೋ ಇಲ್ಲಿಗೇ ಮುಗಿಯುತ್ತವೆ. ವಿಸ್ತಾ ಕಾಲದಿಂದ ಇರುವ ರಿಲಯಬಿಲಿಟಿ ಮಾನಿಟರ್ ಈ ಘಟನೆಗಳನ್ನೆಲ್ಲ ದಿನಾಂಕವಾರು ನಕ್ಷೆಯಲ್ಲಿ ತೋರಿಸುತ್ತದೆ. ಕ್ರ್ಯಾಶ್‌ಗಳು ಶುರುವಾದ ದಿನ ಯಾವ ಡ್ರೈವರ್ ಬಂತು, ಯಾವ ತಂತ್ರಾಂಶ ಸೇರಿತು ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ. ಇಷ್ಟು ಉಪಯುಕ್ತವಾದ ಸಾಧನ ಇಷ್ಟು ಕಡಿಮೆ ಜನರಿಗೆ ಗೊತ್ತಿರುವುದು ವಿಷಾದದ ಸಂಗತಿ. ನೀಲಿ ಪರದೆಯ ಹೊತ್ತಿನಲ್ಲಿ ಉಳಿಸಿದ ‘ಮಿನಿಡಂಪ್’ ಕಡತಗಳನ್ನು ಬ್ಲೂಸ್ಕ್ರೀನ್‌ವ್ಯೂ ಅಥವಾ ಮೈಕ್ರೋಸಾಫ್ಟ್‌ನದೇ ವಿನ್‌ಡಿಬಗ್‌ನಲ್ಲಿ ತೆರೆಯಬಹುದು. ಪ್ರತಿ ಸಲವೂ ಒಂದೇ ಡ್ರೈವರ್‌ನ ಹೆಸರು ಬಂದರೆ ಅದೇ ಅಪರಾಧಿ ಎನ್ನಬಹುದು. ಸಲಕ್ಕೊಂದು ಹೆಸರು, ಸಲಕ್ಕೊಂದು ಕೋಡ್ ಬರುತ್ತಿದ್ದರೆ ತಂತ್ರಾಂಶವನ್ನು ಬಿಟ್ಟು ರ‍್ಯಾಮ್, ಪ್ರೊಸೆಸರ್, ವಿದ್ಯುತ್ತಿನ ಕಡೆ ತಿರುಗಬೇಕು. ಲಿನಕ್ಸ್‌ನಲ್ಲಿ ಜರ್ನಲ್‌ಸಿಟಿಎಲ್ ಆಜ್ಞೆಯಿಂದ ಹಿಂದಿನ ಬೂಟಿನ ಕೊನೆಯ ಸಾಲುಗಳನ್ನು ಓದಬಹುದು. ಸಾಲುಗಳು ಅರ್ಧಕ್ಕೇ ತುಂಡಾಗಿದ್ದರೆ ಅದೂ ವಿದ್ಯುತ್ತಿನತ್ತ ಬೆರಳು ತೋರಿಸುತ್ತದೆ.

ವಿದ್ಯುತ್

ನಮ್ಮಲ್ಲಿ ಮನೆಗೆ ಬರುವುದು 230 ವೋಲ್ಟ್, 50 ಹರ್ಟ್ಸ್. ಎಸ್‌ಎಂಪಿಎಸ್ ಇದನ್ನು ಮುಖ್ಯವಾಗಿ 12, 5 ಮತ್ತು 3.3 ವೋಲ್ಟ್‌ಗಳ ಏಕಮುಖ ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಇಂಟೆಲ್ 1995ರಲ್ಲಿ ಹೊರತಂದ ಎಟಿಎಕ್ಸ್ ಮಾನದಂಡದ ಪ್ರಕಾರ ಈ ಮೂರೂ ಶೇ. 5ಕ್ಕಿಂತ ಹೆಚ್ಚು ಏರಿಳಿಯಬಾರದು. 12 ವೋಲ್ಟ್‌ನ ತಂತಿಯಲ್ಲಿ 11.4ರಿಂದ 12.6ರವರೆಗೆ ಮಾತ್ರ ಅವಕಾಶ. ಎಲ್ಲವೂ ಸರಿ ಇದೆ ಎಂದು ತಿಳಿಸಲು ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡಿಗೆ ಪ್ರತ್ಯೇಕ ಸಂಕೇತವೊಂದು ಹೋಗುತ್ತಿರುತ್ತದೆ. ಈ ಸಂಕೇತ ಅರೆಕ್ಷಣ ತಪ್ಪಿದರೂ ಬೋರ್ಡು ಪ್ರೊಸೆಸರನ್ನು ರೀಸೆಟ್ ಮಾಡುತ್ತದೆ. ನೀಲಿ ಪರದೆಯಿಲ್ಲದ ಮೌನ ರೀಸ್ಟಾರ್ಟ್‌ಗಳ ಹಿಂದೆ ಬಹಳ ಸಲ ಇರುವುದು ಈ ಕ್ರಿಯೆಯೇ.

ಪೂರೈಕೆ ಕಡಿದಾಗ ಎಸ್‌ಎಂಪಿಎಸ್‌ನ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಉಳಿದ ಶಕ್ತಿ ಸುಮಾರು 16-17 ಮಿಲಿಸೆಕೆಂಡುಗಳ ಕಾಲ ಯಂತ್ರವನ್ನು ನಡೆಸಬೇಕೆಂಬುದು ವಿನ್ಯಾಸದ ನಿಯಮ. 50 ಹರ್ಟ್ಸ್‌ನಲ್ಲಿ ಒಂದು ಆವರ್ತಕ್ಕೆ 20 ಮಿಲಿಸೆಕೆಂಡು ಬೇಕು. ಅಂದರೆ ಕಣ್ಣಿಗೆ ಬಲ್ಬು ಮಿಣುಕಿದಂತೆ ಮಾತ್ರ ಕಾಣುವ ಇಳಿತವೂ ಕಂಪ್ಯೂಟರಿಗೆ ಸಾಕಾಗಿಬಿಡುತ್ತದೆ. ಬೋರ್‌ವೆಲ್ ಪಂಪ್ ಅಥವಾ ಮಿಕ್ಸಿ ಚಾಲೂ ಆದಾಗ, ಫ್ರಿಜ್‌ನ ಕಂಪ್ರೆಸರ್ ಎದ್ದಾಗ ರೀಸ್ಟಾರ್ಟ್ ಆಗುತ್ತಿದ್ದರೆ ಮನೆಯ ವೈರಿಂಗನ್ನು ನೋಡಿಸಬೇಕು. ಸಡಿಲ ಪ್ಲಗ್, ಸುಟ್ಟ ಸಾಕೆಟ್, ಅಗ್ಗದ ಸ್ಪೈಕ್ ಬಸ್ಟರ್‌ನ ಹಳಸಿದ ಸ್ವಿಚ್ ಇವೂ ಇದೇ ಕೆಲಸ ಮಾಡುತ್ತವೆ. ಬಿಡಿಭಾಗ ಬದಲಿಸುವ ಮುನ್ನ ಗೋಡೆಯ ಬೇರೆ ಸಾಕೆಟ್ಟಿಗೆ ನೇರವಾಗಿ ಜೋಡಿಸಿ ನೋಡುವುದು ಲೇಸು.

ಯುಪಿಎಸ್ ಇದ್ದೂ ಕರೆಂಟ್ ಹೋದ ತಕ್ಷಣ ಕಂಪ್ಯೂಟರ್ ಆರುವುದು ಕರ್ನಾಟಕದ ಊರುಗಳಲ್ಲಿ ತೀರಾ ಪರಿಚಿತ ದೂರು. ಸಾಮಾನ್ಯ ಯುಪಿಎಸ್ ಬ್ಯಾಟರಿಗೆ ಬದಲಾಗಲು ಕೆಲವು ಮಿಲಿಸೆಕೆಂಡುಗಳನ್ನು ತೆಗೆದುಕೊಳ್ಳುತ್ತದೆ. ಎಸ್‌ಎಂಪಿಎಸ್ ಹೊಸದಿದ್ದಾಗ ಈ ಅಂತರವನ್ನು ದಾಟಿಸುತ್ತದೆ. ಕೆಪಾಸಿಟರ್ ಒಣಗುತ್ತ ಬಂದಂತೆ ದಾಟಿಸಲಾರದು. ಜನ ಯುಪಿಎಸ್‌ನ ಬ್ಯಾಟರಿ ಬದಲಿಸುತ್ತಾರೆ, ದೋಷ ಉಳಿಯುತ್ತದೆ. ಬ್ಯಾಟರಿಯೇ ಸತ್ತಿರುವುದೂ ಉಂಟು, ಏಕೆಂದರೆ ಸೀಸ-ಆಮ್ಲ ಬ್ಯಾಟರಿಗೆ ಎರಡು-ಮೂರು ವರ್ಷಕ್ಕಿಂತ ಹೆಚ್ಚು ಆಯುಸ್ಸನ್ನು ಖಾತ್ರಿಯಾಗಿ ನಂಬಲಾಗದು. 600 ವಿಎ ಎಂದು ಬರೆದ ಯುಪಿಎಸ್ ಸಾಮಾನ್ಯವಾಗಿ ಸುಮಾರು 360 ವ್ಯಾಟ್ ಭಾರವನ್ನಷ್ಟೇ ಹೊರುತ್ತದೆ ಎಂಬುದನ್ನೂ ಗ್ರಾಫಿಕ್ಸ್ ಕಾರ್ಡ್ ಹಾಕಿಸುವವರು ಲೆಕ್ಕಕ್ಕೆ ತಂದುಕೊಳ್ಳಬೇಕು. ಮನೆಯ ಇನ್ವರ್ಟರ್‌ಗೆ ಜೋಡಿಸಿದ್ದರೆ ಅದರ ಹಿಂಬದಿಯ ಸ್ವಿಚ್ ‘ಯುಪಿಎಸ್’ ಕ್ರಮದಲ್ಲಿದೆಯೇ ನೋಡಬೇಕು. ಇನ್ನೊಂದು ಕ್ರಮದಲ್ಲಿ ಬದಲಾವಣೆ ನಿಧಾನ, ಫ್ಯಾನು-ದೀಪಗಳಿಗೆ ಅದು ಸಾಕು, ಕಂಪ್ಯೂಟರಿಗೆ ಸಾಲದು.

ಅರ್ಥಿಂಗ್ ಇಲ್ಲದ ಮನೆಗಳಲ್ಲಿ ಕ್ಯಾಬಿನೆಟ್ಟಿನ ಬರಿಯ ಸ್ಕ್ರೂ ಮುಟ್ಟಿದರೆ ಜುಮ್ಮೆನ್ನುತ್ತದೆ. ಎಸ್‌ಎಂಪಿಎಸ್‌ನ ಶೋಧಕ ಕೆಪಾಸಿಟರ್‌ಗಳು ಕ್ಯಾಬಿನೆಟ್ಟನ್ನು ಪೂರೈಕೆಯ ಅರ್ಧದಷ್ಟು, ಸುಮಾರು 115 ವೋಲ್ಟ್‌ಗೆ ಏರಿಸಿ, ಮುಟ್ಟಿದಾಗ ಸೂಕ್ಷ್ಮ ಪ್ರವಾಹ ಹರಿಸುವುದೇ ಇದಕ್ಕೆ ಕಾರಣ. ಹೀಗಿದ್ದಾಗ ಯುಎಸ್‌ಬಿ ಸಾಧನಗಳು ಕಳಚಿಕೊಳ್ಳುವುದು, ಹ್ಯಾಂಗ್ ಆಗುವುದು ನಡೆಯಬಹುದು. ಎಲೆಕ್ಟ್ರಿಷಿಯನ್‌ರಿಂದ ಅರ್ಥ್ ಸರಿಪಡಿಸುವುದೊಂದೇ ಪರಿಹಾರ. ಮೂರನೆಯ ಪಿನ್ನನ್ನು ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ತೂರಿಸುವುದು ಜೀವಕ್ಕೇ ಅಪಾಯ.

ಎಸ್‌ಎಂಪಿಎಸ್ ದೋಷವನ್ನು ಮಲ್ಟಿಮೀಟರ್‌ನಿಂದ ಪೂರ್ತಿಯಾಗಿ ಪತ್ತೆ ಮಾಡಲಾಗದು. ಅದು ತೋರಿಸುವುದು ಸರಾಸರಿ. ಮಿಲಿಸೆಕೆಂಡಿನ ಕುಸಿತ ಅದರ ಕಣ್ಣಿಗೆ ಬೀಳುವುದಿಲ್ಲ. ಬೋರ್ಡಿನ ಮೂಲ ಸೆಟ್ಟಿಂಗ್‌ಗಳ ಪರದೆಯಾದ ಬಯಾಸ್‌ನಲ್ಲಿ 12.1 ಎಂದು ಕಂಡಿತು ಎಂದು ನೆಮ್ಮದಿಪಡುವುದೂ ಸಲ್ಲದು. ಕೆಲಸ ಮಾಡುತ್ತಿರುವುದು ಖಚಿತವಿರುವ ಇನ್ನೊಂದು ಎಸ್‌ಎಂಪಿಎಸ್ ಹಾಕಿ ಕೆಲವು ದಿನ ನಡೆಸುವುದೇ ನಂಬಬಹುದಾದ ಪರೀಕ್ಷೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಗಳಲ್ಲಿ ಕ್ಯಾಬಿನೆಟ್ ಜೊತೆಗೇ ಬರುವ ಅಗ್ಗದ ಎಸ್‌ಎಂಪಿಎಸ್‌ಗಳ ಮೇಲೆ ಅಚ್ಚಾದ ವ್ಯಾಟ್ ಸಂಖ್ಯೆಯನ್ನು ಪೂರ್ತಿ ನೆಚ್ಚಬಾರದು. 12 ವೋಲ್ಟ್‌ನ ಸಾಲಿನಲ್ಲಿ ಎಷ್ಟು ಆಂಪಿಯರ್ ಎಂದು ಬರೆದಿದೆ ಎಂಬುದನ್ನು ಓದಬೇಕು. ಗ್ರಾಫಿಕ್ಸ್ ಕಾರ್ಡ್‌ಗಳು ಕ್ಷಣಾರ್ಧದಲ್ಲಿ ತಮ್ಮ ಸರಾಸರಿಗಿಂತ ಎಷ್ಟೋ ಹೆಚ್ಚು ವಿದ್ಯುತ್ ಎಳೆಯುತ್ತವೆ. 2022ರ ಎಟಿಎಕ್ಸ್ 3.0 ಮಾನದಂಡ, ದೊಡ್ಡ ಎಸ್‌ಎಂಪಿಎಸ್‌ಗಳು 100 ಮೈಕ್ರೊಸೆಕೆಂಡ್ ಕಾಲ ತಮ್ಮ ಸಾಮರ್ಥ್ಯದ ಎರಡು ಪಟ್ಟು ಭಾರವನ್ನು ತಾಳಬೇಕು ಎಂದು ವಿಧಿಸಿದ್ದು ಇದಕ್ಕಾಗಿಯೇ. ಎಸ್‌ಎಂಪಿಎಸ್‌ನ ಪೆಟ್ಟಿಗೆಯನ್ನು ಮನೆಯಲ್ಲಿ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಮೀರಿದ ವಿದ್ಯುತ್ ಉಳಿದಿರಬಹುದು.

ಕೆಪಾಸಿಟರ್‌ಗಳ ವಿಷಯದಲ್ಲಿ ಒಂದು ದೊಡ್ಡ ಚರಿತ್ರೆಯೇ ಇದೆ. 2000ದ ದಶಕದ ಮೊದಲ ವರ್ಷಗಳಲ್ಲಿ ಕೆಲವು ತೈವಾನ್ ತಯಾರಕರ ವಿದ್ಯುದ್ವಿಚ್ಛೇದ್ಯ ದ್ರಾವಣದ ಸೂತ್ರ ದೋಷಪೂರಿತವಾಗಿತ್ತು. ಅದನ್ನು ಬಳಸಿದ ಕೆಪಾಸಿಟರ್‌ಗಳು ಅವಧಿಗೆ ಮುನ್ನವೇ ಉಬ್ಬಿ ಸೋರತೊಡಗಿ, ಜಗತ್ತಿನಾದ್ಯಂತ ಮದರ್‌ಬೋರ್ಡುಗಳು ಸತ್ತವು. ಡೆಲ್ ಕಂಪನಿ ತನ್ನ ಆಪ್ಟಿಪ್ಲೆಕ್ಸ್ ಯಂತ್ರಗಳಿಗಾಗಿ 2005ರಲ್ಲಿ 30 ಕೋಟಿ ಡಾಲರ್ ಮೊತ್ತವನ್ನು ತೆಗೆದಿರಿಸಬೇಕಾಯಿತು. ಆಪಲ್‌ನ ಐಮ್ಯಾಕ್ ಜಿ5ಗೂ ವಿಶೇಷ ರಿಪೇರಿ ಯೋಜನೆ ಬಂತು. ಇಂದಿಗೂ ಹಳೆಯ ಬೋರ್ಡೊಂದನ್ನು ತೆರೆದಾಗ ಪ್ರೊಸೆಸರ್ ಸುತ್ತಲಿನ ಕೆಪಾಸಿಟರ್‌ಗಳ ನೆತ್ತಿ ಚಪ್ಪಟೆಯಾಗಿದೆಯೇ, ಉಬ್ಬಿದೆಯೇ ಎಂದು ಮೊದಲು ನೋಡಬೇಕು. ತಾಪ ಹತ್ತು ಡಿಗ್ರಿ ಹೆಚ್ಚಿದರೆ ಇವುಗಳ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ.

ತೀರಾ ಸರಳವಾದ ಒಂದು ಕಾರಣವೂ ಉಂಟು. ಕ್ಯಾಬಿನೆಟ್ ಮುಂದಿನ ರೀಸೆಟ್ ಬಟನ್ ಒಳಗೇ ಸಿಕ್ಕಿಕೊಂಡರೆ ಯಂತ್ರ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತದೆ. ಆ ಬಟನ್ನಿನ ಎರಡು ಪಿನ್ನಿನ ತಂತಿಯನ್ನು ಬೋರ್ಡಿನಿಂದ ಕಿತ್ತು ನೋಡಿದರೆ ತಿಳಿಯುತ್ತದೆ.

ಶಾಖ

ಇಂದಿನ ಪ್ರೊಸೆಸರ್‌ಗಳು ಬಿಸಿಯೇರಿದಾಗ ಮೊದಲು ತಮ್ಮ ವೇಗ ತಗ್ಗಿಸಿಕೊಳ್ಳುತ್ತವೆ. ಇಂಟೆಲ್‌ನ ಹಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಈ ಮಿತಿ 100 ಡಿಗ್ರಿ ಸೆಲ್ಸಿಯಸ್, ಎಎಂಡಿ ರೈಜನ್ 7000 ಸರಣಿಯಲ್ಲಿ 95. ಅದನ್ನೂ ಮೀರಿ ಏರಿದರೆ ಮಾತ್ರ ವಿದ್ಯುತ್ತನ್ನೇ ಕಡಿದು ಆರುತ್ತವೆ. ಆದ್ದರಿಂದ ಶಾಖದ ಕಾರಣಕ್ಕೆ ಯಂತ್ರ ಆರಿದೆ ಎಂದರೆ ತಂಪುಕಾರಕ ಬಹುಪಾಲು ಪೂರ್ತಿ ಕೈಕೊಟ್ಟಿದೆ: ಫ್ಯಾನ್ ನಿಂತಿದೆ, ಇಂಟೆಲ್ ಕೂಲರ್‌ನ ನಾಲ್ಕು ಪ್ಲಾಸ್ಟಿಕ್ ಗೂಟಗಳಲ್ಲಿ ಒಂದು ಮೇಲೆದ್ದಿದೆ, ಅಥವಾ ಹೀಟ್‌ಸಿಂಕ್‌ನ ಎಲೆಗಳ ನಡುವೆ ಧೂಳು ಹತ್ತಿಯಂತೆ ಮೆತ್ತಿಕೊಂಡಿದೆ. ಬ್ಲೋವರ್‌ನಿಂದ ಧೂಳು ಹಾರಿಸುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಥರ್ಮಲ್ ಪೇಸ್ಟ್ ಒಣಗಿದ್ದರೆ ಹಳೆಯದನ್ನು ಪೂರ್ತಿ ಒರೆಸಿ ಹೊಸದನ್ನು ತೆಳ್ಳಗೆ ಹಚ್ಚಬೇಕು.

ಕೋಣೆಯ ತಾಪ ಎಷ್ಟು ಏರಿತೋ ಒಳಗಿನ ಭಾಗಗಳ ತಾಪವೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಗಳಲ್ಲಿ ಚಳಿಗಾಲದಲ್ಲಿ ಸರಿಯಾಗಿದ್ದ ಯಂತ್ರ ಏಪ್ರಿಲ್‌ನಲ್ಲಿ ಎಡವುವುದು ಇದರಿಂದ. ನಮ್ಮ ಕಂಪ್ಯೂಟರ್ ಮೇಜುಗಳಲ್ಲಿ ಕ್ಯಾಬಿನೆಟ್ ಇಡಲು ಮಾಡಿರುವ, ಬಾಗಿಲಿರುವ ಗೂಡು ಈ ತೊಂದರೆಯನ್ನು ಇಮ್ಮಡಿಸುತ್ತದೆ; ಕ್ಯಾಬಿನೆಟ್ಟನ್ನು ಗೂಡಿನಿಂದ ಹೊರಗೆ ತೆಗೆದಿಟ್ಟರೇ ಎಷ್ಟೋ ಯಂತ್ರಗಳು ಸುಧಾರಿಸುತ್ತವೆ. ಪಕ್ಕದ ಮುಚ್ಚಳ ತೆಗೆದು, ಟೇಬಲ್ ಫ್ಯಾನ್ ಹಿಡಿದು ಒಂದು ದಿನ ನಡೆಸಿದಾಗ ಕ್ರ್ಯಾಶ್ ನಿಂತರೆ ಶಾಖದ ಪಾತ್ರ ಸ್ಪಷ್ಟ.

ಮೆಮೊರಿ

ರ‍್ಯಾಮ್‌ನಲ್ಲಿ ಒಂದೇ ಒಂದು ಬಿಟ್ ತಪ್ಪಿದರೂ ಎಲ್ಲಿ ಬೇಕಾದರೂ, ಹೇಗೆ ಬೇಕಾದರೂ ದೋಷ ಮೂಡಬಹುದು. 1978ರಲ್ಲಿ ಇಂಟೆಲ್‌ನ ಮೇ ಮತ್ತು ವುಡ್ಸ್ ಎಂಬ ವಿಜ್ಞಾನಿಗಳು, ಚಿಪ್‌ನ ಹೊದಿಕೆಯಲ್ಲಿದ್ದ ಯುರೇನಿಯಂ, ಥೋರಿಯಂಗಳ ಲವಲೇಶದಿಂದ ಹೊರಡುವ ಆಲ್ಫಾ ಕಣಗಳೇ ಬಿಟ್‌ಗಳನ್ನು ತಿರುಗಿಸುತ್ತಿವೆ ಎಂದು ತೋರಿಸಿದರು. ಅಂದಿನಿಂದ ಇಂಥ ತಾತ್ಕಾಲಿಕ ದೋಷಗಳೇ ಹೆಚ್ಚು ಎಂಬ ನಂಬಿಕೆ ಬೆಳೆಯಿತು. ಟೊರಾಂಟೊ ವಿಶ್ವವಿದ್ಯಾಲಯ ಮತ್ತು ಗೂಗಲ್ ಸೇರಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಬದಲಿಸಿತು: ಗೂಗಲ್‌ನ ಸರ್ವರ್‌ಗಳಲ್ಲಿ ವರ್ಷಕ್ಕೆ ಶೇ. 8ಕ್ಕಿಂತ ಹೆಚ್ಚು ರ‍್ಯಾಮ್ ಪಟ್ಟಿಗಳು ದೋಷ ತೋರಿದವು, ಮತ್ತು ಆ ದೋಷಗಳಲ್ಲಿ ಬಹುಪಾಲು ಭೌತಿಕವಾಗಿ ಕೆಟ್ಟ ಕೋಶಗಳಿಂದಲೇ ಬಂದಂತಿದ್ದವು. ಮನೆಯ ಡೆಸ್ಕ್‌ಟಾಪ್‌ಗಳಲ್ಲಿ ಸರ್ವರ್‌ಗಳಿಗಿರುವ ದೋಷ ತಿದ್ದುವ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ, ತಪ್ಪು ನೇರ ಕ್ರ್ಯಾಶ್ ಆಗಿಯೋ, ಅದಕ್ಕಿಂತ ಕೆಟ್ಟದಾಗಿ, ಯಾರಿಗೂ ತಿಳಿಯದಂತೆ ಹಾಳಾದ ಕಡತವಾಗಿಯೋ ಹೊರಬರುತ್ತದೆ. ಮೈಕ್ರೋಸಾಫ್ಟ್ ಸಂಶೋಧಕರು ಹತ್ತು ಲಕ್ಷದಷ್ಟು ವೈಯಕ್ತಿಕ ಕಂಪ್ಯೂಟರ್‌ಗಳ ದಾಖಲೆ ನೋಡಿ 2011ರಲ್ಲಿ ಹೇಳಿದ್ದು ಇದಕ್ಕೆ ಪೂರಕ: ಯಂತ್ರಾಂಶದ ದೋಷದಿಂದ ಒಮ್ಮೆ ಬಿದ್ದ ಯಂತ್ರ ಮತ್ತೆ ಬೀಳುವ ಸಾಧ್ಯತೆ ನೂರು ಪಟ್ಟಿನವರೆಗೆ ಹೆಚ್ಚು. ಒಂದೇ ಸಲ ಆಗಿದ್ದು, ಬಿಡು ಎನ್ನುವ ಮೊದಲು ಈ ಸಂಗತಿಯನ್ನು ನೆನೆಯಬೇಕು.

ಪರೀಕ್ಷೆಗೆ ಮೆಮ್‌ಟೆಸ್ಟ್86 ಅಥವಾ ಅದರ ಮುಕ್ತ ರೂಪವಾದ ಮೆಮ್‌ಟೆಸ್ಟ್86+ ಅನ್ನು ಪೆನ್ ಡ್ರೈವ್‌ನಿಂದ ಬೂಟ್ ಮಾಡಿ ರಾತ್ರಿಯಿಡೀ ಓಡಿಸಬೇಕು. ಒಂದೇ ಒಂದು ದೋಷ ಕಂಡರೂ ಆ ಜೋಡಣೆ ಅನರ್ಹ. ಆದರೆ ರ‍್ಯಾಮನ್ನು ಬಿಸಾಡುವ ಮುನ್ನ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಎಂಬ ವೇಗವರ್ಧಕ ಸೆಟ್ಟಿಂಗ್ ತೆಗೆದು ಮತ್ತೆ ಪರೀಕ್ಷಿಸಬೇಕು. ಇವು ಮಾನದಂಡ ಮೀರಿದ ವೇಗ, ನಾಲ್ಕು ಪಟ್ಟಿ ಹಾಕಿದಾಗ ಎಷ್ಟೋ ಬೋರ್ಡುಗಳು ತಾಳುವುದಿಲ್ಲ. ಬಳಿಕ ಒಂದೊಂದೇ ಪಟ್ಟಿಯನ್ನು ಒಂದೇ ಸ್ಲಾಟ್‌ನಲ್ಲಿ ಹಾಕಿ ನೋಡಿದರೆ ಪಟ್ಟಿಯ ದೋಷವೋ ಸ್ಲಾಟಿನ ದೋಷವೋ ಬೇರ್ಪಡುತ್ತದೆ. ಮಂಗಳೂರು, ಕಾರವಾರದಂಥ ಕರಾವಳಿಯ ಉಪ್ಪುಗಾಳಿಯಲ್ಲಿ ಪಟ್ಟಿಯ ಲೋಹದ ಹಲ್ಲುಗಳು ಮಾಸುತ್ತವೆ. ಮೆಕ್ಯಾನಿಕ್‌ಗಳು ಪೆನ್ಸಿಲ್ ರಬ್ಬರಿನಿಂದ ಅವನ್ನು ಉಜ್ಜುವ ಕ್ರಮ ನಿಜಕ್ಕೂ ಫಲ ಕೊಡುತ್ತದೆ, ಮೃದುವಾಗಿ ಉಜ್ಜಿ ಪುಡಿಯನ್ನು ಒರೆಸಿದರೆ.

ಪ್ರೊಸೆಸರ್ ಮತ್ತು ಡಿಸ್ಕ್

ಪ್ರೊಸೆಸರ್ ಕೆಡುವುದು ಅಪರೂಪ ಎಂಬ ಮಾತನ್ನು 2024 ಅಲುಗಾಡಿಸಿತು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಮೇಲ್ದರ್ಜೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅತಿಯಾದ ವೋಲ್ಟೇಜ್ ಕೇಳಿ, ಕಾಲಕ್ರಮೇಣ ಒಳಗೇ ಸವೆಯುತ್ತಿದ್ದವು. ಆಟಗಳು ‘ವಿಡಿಯೊ ಮೆಮೊರಿ ಸಾಲದು’ ಎಂದು ಹೇಳಿ ಬೀಳುತ್ತಿದ್ದುದರಿಂದ ಜನ ತಿಂಗಳುಗಟ್ಟಲೆ ಗ್ರಾಫಿಕ್ಸ್ ಕಾರ್ಡನ್ನು ದೂಷಿಸಿದರು. ಇಂಟೆಲ್ ಆಗಸ್ಟ್‌ನಿಂದ ಬಯಾಸ್ ಅಪ್‌ಡೇಟ್ ಮೂಲಕ ಮೈಕ್ರೊಕೋಡ್ ತಿದ್ದುಪಡಿಗಳನ್ನು ಕೊಟ್ಟು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಬಯಾಸ್ ಅಪ್‌ಡೇಟ್ ಮುಂದಿನ ಸವೆತವನ್ನು ತಡೆಯುತ್ತದೆಯೇ ಹೊರತು ಆಗಲೇ ಸವೆದುದನ್ನು ಮರಳಿಸುವುದಿಲ್ಲ. ಅಂಥ ಪ್ರೊಸೆಸರ್ ಇದ್ದವರು ವಾರಂಟಿ ಕೇಳಲು ಹಿಂಜರಿಯಬಾರದು. 2017ರ ಮೊದಲ ರೈಜನ್‌ಗಳಲ್ಲಿ ತದ್ವಿರುದ್ಧ ತೊಂದರೆಯಿತ್ತು: ಏನೂ ಕೆಲಸವಿಲ್ಲದಾಗ ಪ್ರೊಸೆಸರ್ ಅತಿ ಕಡಿಮೆ ವಿದ್ಯುತ್ತಿಗೆ ಇಳಿದು, ವಿಶೇಷವಾಗಿ ಲಿನಕ್ಸ್‌ನಲ್ಲಿ, ಹ್ಯಾಂಗ್ ಆಗುತ್ತಿತ್ತು. ಬಯಾಸ್‌ನ ‘ಪವರ್ ಸಪ್ಲೈ ಐಡಲ್ ಕಂಟ್ರೋಲ್’ ಅನ್ನು ‘ಟಿಪಿಕಲ್ ಕರೆಂಟ್ ಐಡಲ್’ಗೆ ಬದಲಿಸಿದಾಗ ಅನೇಕರಿಗೆ ಅದು ನಿಂತಿತು.

ಡಿಸ್ಕ್‌ಗಳ ವಿಷಯದಲ್ಲಿ ಅವು ತಮ್ಮ ಆರೋಗ್ಯವನ್ನು ತಾವೇ ದಾಖಲಿಸುವ ಸ್ಮಾರ್ಟ್ ವರದಿಯನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಮೂಲಕ ನೋಡುವುದು, ಸಾಟಾ ಕೇಬಲ್ ಬದಲಿಸುವುದು, ಫರ್ಮ್‌ವೇರ್ ಅಪ್‌ಡೇಟ್ ಹುಡುಕುವುದು ಸಾಕು. ಫರ್ಮ್‌ವೇರ್‌ನ ಮಹತ್ವಕ್ಕೆ ಕ್ರೂಷಿಯಲ್ ಎಂ4 ಎಸ್‌ಎಸ್‌ಡಿ ಸಾಕ್ಷಿ: ಒಟ್ಟು 5,184 ಗಂಟೆ ಓಡಿದ ಮೇಲೆ ಅದು ಗಂಟೆಗೊಮ್ಮೆ ಮಾತುಬಿಟ್ಟು ಕಂಪ್ಯೂಟರನ್ನು ಕೆಡವುತ್ತಿತ್ತು. 2012ರ ಜನವರಿಯಲ್ಲಿ ಬಂದ ತಿದ್ದುಪಡಿಯಿಂದ ಸರಿಹೋಯಿತು.

ತಂತ್ರಾಂಶ

2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್, 2004ರಲ್ಲಿ ಸ್ಯಾಸರ್ ಎಂಬ ಹುಳುಗಳು ವಿಂಡೋಸ್‌ನ ಸೇವೆಗಳನ್ನು ಕೆಡವಿ, 60 ಸೆಕೆಂಡಿನ ಗಡಿಯಾರ ತೋರಿಸಿ ರೀಸ್ಟಾರ್ಟ್ ಮಾಡಿಸುತ್ತಿದ್ದವು. ಇಂದು ಅಂಥವು ವಿರಳ. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನೆಲ್ ಮಟ್ಟದಲ್ಲಿ ಓಡುವ ಡ್ರೈವರ್‌ಗಳೇ ಮುಖ್ಯ ಕಾರಣ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶದ ದೋಷಯುಕ್ತ ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದವು. ಅನೇಕವು ಎದ್ದು ಬೀಳುವ ಚಕ್ರದಲ್ಲಿ ಸಿಕ್ಕಿಕೊಂಡವು. ಅಂದು ಭಾರತದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್‌ಗಳನ್ನು ಕೊಟ್ಟರು. ಯಂತ್ರಗಳನ್ನು ಕನಿಷ್ಠ ಡ್ರೈವರ್‌ಗಳಷ್ಟೇ ಓಡುವ ಸೇಫ್ ಮೋಡ್‌ನಲ್ಲಿ ತೆರೆದು ಒಂದು ಕಡತವನ್ನು ಅಳಿಸುವುದೇ ಪರಿಹಾರವಾಗಿತ್ತು, ಫಾರ್ಮ್ಯಾಟ್ ಬೇಕಿರಲಿಲ್ಲ.

ಸೇಫ್ ಮೋಡ್‌ನಲ್ಲಿ ಯಂತ್ರ ಸ್ಥಿರವಾಗಿದ್ದರೆ ಡ್ರೈವರ್‌ನ ಮೇಲೆ ಅನುಮಾನ ಬಲಿಯುತ್ತದೆ. ಆದರೆ ಅಲ್ಲಿ ಗ್ರಾಫಿಕ್ಸ್ ಕಾರ್ಡ್ ಹೆಚ್ಚು ದುಡಿಯುವುದಿಲ್ಲ, ವಿದ್ಯುತ್ ಭಾರವೂ ಕಡಿಮೆ; ಆದ್ದರಿಂದ ಅದು ಅಂತಿಮ ಪುರಾವೆಯಾಗದು. ಪೆನ್ ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿ ಅಷ್ಟೇ ಭಾರ ಹೇರಿ ನೋಡುವುದು ಇನ್ನೂ ಗಟ್ಟಿಯಾದ ಪರೀಕ್ಷೆ. ಅಲ್ಲಿಯೂ ಬಿದ್ದರೆ ವಿಂಡೋಸ್ ನಿರಪರಾಧಿ. ವಿಂಡೋಸ್ 8ರಿಂದ ಬಂದ ‘ಫಾಸ್ಟ್ ಸ್ಟಾರ್ಟಪ್’ ಸೌಲಭ್ಯವಿದ್ದಾಗ ಷಟ್‌ಡೌನ್ ಮಾಡಿದರೂ ಕರ್ನೆಲ್ ಮತ್ತು ಡ್ರೈವರ್‌ಗಳ ಸ್ಥಿತಿ ಡಿಸ್ಕಿನಲ್ಲಿ ಉಳಿದು ಮರುದಿನ ಹಾಗೇ ಮರಳುತ್ತದೆ ಎಂಬುದೂ ತಿಳಿದಿರಲಿ. ಡ್ರೈವರ್ ಬದಲಿಸಿದ ಮೇಲೆ ‘ರೀಸ್ಟಾರ್ಟ್’ ಆಯ್ಕೆಯನ್ನೇ ಒತ್ತಬೇಕು.

ಪತ್ತೆಯ ಕ್ರಮ ಮತ್ತು ಗುಣವಾದುದರ ಖಾತ್ರಿ

ಇತ್ತೀಚೆಗೆ ಬದಲಾದುದನ್ನು ಮೊದಲು ಹಿಂತೆಗೆಯಬೇಕು. ನಂತರ ಬಯಾಸ್ ಅನ್ನು ಮೂಲಸ್ಥಿತಿಗೆ ತಂದು, ಧೂಳು ತೆಗೆದು, ಕೇಬಲ್‌ಗಳನ್ನು ಕಿತ್ತು ಮತ್ತೆ ಬಿಗಿಯಾಗಿ ಕೂರಿಸಬೇಕು. ಅದಕ್ಕೂ ಬಗ್ಗದಿದ್ದರೆ ಬೋರ್ಡು, ಪ್ರೊಸೆಸರ್, ಒಂದು ರ‍್ಯಾಮ್ ಪಟ್ಟಿ, ಒಂದು ಡಿಸ್ಕ್ ಇಷ್ಟನ್ನೇ ಉಳಿಸಿ, ಒಂದೊಂದಾಗಿ ಸೇರಿಸುತ್ತ ಹೋಗಬೇಕು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸುವ ಶಿಸ್ತು ಇಲ್ಲಿ ಎಲ್ಲಕ್ಕಿಂತ ಮುಖ್ಯ: ರ‍್ಯಾಮ್, ಎಸ್‌ಎಂಪಿಎಸ್ ಎರಡನ್ನೂ ಒಟ್ಟಿಗೆ ಬದಲಿಸಿ ಸರಿಹೋದರೆ ಯಾವುದು ಕೆಟ್ಟಿತ್ತೆಂದು ತಿಳಿಯದೆ ಎರಡರ ದುಡ್ಡೂ ಹೋಗುತ್ತದೆ. ಭಾರ ಹೇರಿ ನೋಡಲು ಪ್ರೊಸೆಸರ್‌ಗೆ ಪ್ರೈಮ್95, ಗ್ರಾಫಿಕ್ಸ್ ಕಾರ್ಡಿಗೆ ಫರ್‌ಮಾರ್ಕ್ ಬಳಸುತ್ತಾರೆ. ಎರಡನ್ನೂ ಒಟ್ಟಿಗೆ ಓಡಿಸಿದಾಗ ಮಾತ್ರ ಆರುವ ಯಂತ್ರದಲ್ಲಿ ಎಸ್‌ಎಂಪಿಎಸ್ ಸಾಲುತ್ತಿಲ್ಲ ಎಂದು ಬಹುಮಟ್ಟಿಗೆ ಹೇಳಬಹುದು.

ರಿಪೇರಿ ಮುಗಿದ ದಿನವೇ ಗುಣವಾಯಿತು ಎನ್ನಲಾಗದು. ಯಾದೃಚ್ಛಿಕವಾಗಿ ಬರುವ ದೋಷಗಳಿಗೆ ಸಂಖ್ಯಾಶಾಸ್ತ್ರದ ಸರಳ ಲೆಕ್ಕವೊಂದಿದೆ: ಕ್ರ್ಯಾಶ್‌ಗಳ ನಡುವಿನ ಸರಾಸರಿ ಅಂತರದ ಮೂರು ಪಟ್ಟು ಕಾಲ ಏನೂ ಆಗದೆ ಕಳೆದರೆ, ದೋಷ ಹಾಗೇ ಉಳಿದಿದ್ದೂ ಅದೃಷ್ಟದಿಂದ ಹೀಗಾಗುವ ಸಾಧ್ಯತೆ ಶೇ. 5ರಷ್ಟು ಮಾತ್ರ. ನಾಲ್ಕು ದಿನಕ್ಕೊಮ್ಮೆ ಬೀಳುತ್ತಿದ್ದ ಯಂತ್ರವನ್ನು ಕನಿಷ್ಠ ಹನ್ನೆರಡು ದಿನ, ಮೊದಲಿನಷ್ಟೇ ಕೆಲಸ ಕೊಟ್ಟು ಗಮನಿಸಬೇಕು. ಆ ಅವಧಿ ದಾಟಿದ ಮೇಲೆ, ಪರೀಕ್ಷೆಗಾಗಿ ತೆಗೆದಿದ್ದ ಎಕ್ಸ್‌ಎಂಪಿಯಂಥ ಸೆಟ್ಟಿಂಗ್‌ಗಳನ್ನು ಒಂದೊಂದಾಗಿ, ಪ್ರತಿಯೊಂದಕ್ಕೂ ಅಷ್ಟೇ ದಿನಗಳ ಬಿಡುವು ಕೊಟ್ಟು ಮರಳಿಸಬಹುದು.